ಮಾನಧನ ಮುಷ್ಟಿಮಲ್ಲ ಪೋನ್ ಕಿಂಗ್‌ಪೆಚ್

ಗೆದ್ದವರ ಚರಿತ್ರೆಯನ್ನು ಬರೆದಿಡುವುದು ಲೋಕದ ರೂಢಿ. ಒಂದೇ ಉಸಿರಿಗೆ ಮೇಲೇರಿ, ಏರಿದ ಎತ್ತರದಲ್ಲಿಯೇ ನೆಲೆನಿಂತವರನ್ನು ಜನ ಬೇಗ ಗುರುತಿಸುತ್ತಾರೆ, ಬೇಗ ಕೊಂಡಾಡುತ್ತಾರೆ. ಏರಿದವನು ಜಾರಿ, ಜಾರಿದವನು ಮತ್ತೆ ಏರಿ, ಮತ್ತೊಮ್ಮೆ ಜಾರಿ, ಮಗುದೊಮ್ಮೆ ಅದೇ ಶಿಖರವನ್ನು ಮುಟ್ಟಿದ ಚರಿತ್ರೆಯಾದರೋ ಅಪೂರ್ವವಾದುದು. ಥಾಯ್ ದೇಶಕ್ಕೆ ಮೊತ್ತಮೊದಲ ವಿಶ್ವವಿಜೇತ ಪದವಿಯನ್ನು ತಂದುಕೊಟ್ಟ ಮುಷ್ಟಿಮಲ್ಲ ಪೋನ್ ಕಿಂಗ್‌ಪೆಚ್‌ನ ಬಾಳು ಅಂತಹುದು. ಆತನು ಕೇವಲ ಐದು ವರ್ಷಗಳ ಅವಧಿಯಲ್ಲಿ ಮೂರು ಬಾರಿ ಜಗತ್ತಿನ ಕಿರೀಟವನ್ನು ಧರಿಸಿದನು. ಮೂರು ಬಾರಿ ಅದನ್ನು ಕಳೆದುಕೊಂಡನು. ಈ ಏಳುಬೀಳುಗಳ ಲೆಕ್ಕವನ್ನು ಮುಂದಿಟ್ಟುಕೊಂಡು ನೋಡಿದಾಗ ಆತನ ಹಿರಿಮೆ ಯಾವುದರಲ್ಲಿದೆ ಎಂಬುದನ್ನು ವಿಚಾರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಪೋನ್ ಜನಿಸಿದುದು ೧೯೩೫ನೆಯ ಇಸವಿ ಫೆಬ್ರುವರಿ ೧೨ರಂದು. ಊರು ಹುವಾ ಹಿನ್. ಬ್ಯಾಂಕಾಕ್ ಮಹಾನಗರದಿಂದ ದಕ್ಷಿಣಕ್ಕೆ ಸುಮಾರು ೨೦೦ ಕಿಲೋಮೀಟರು ದೂರದಲ್ಲಿ, ಥಾಯ್ ಕೊಲ್ಲಿಯ ಪಶ್ಚಿಮ ತೀರದಲ್ಲಿರುವ ಕಡಲೂರು. ಮೊದಲು ಬೆಸ್ತರ ಹಳ್ಳಿಯಾಗಿದ್ದ ಆ ಸ್ಥಳಕ್ಕೆ ರೈಲುಮಾರ್ಗ ಬಂದ ಮೇಲೆ ರಾಜಮನೆತನದವರೂ ನಗರದ ಸಿರಿವಂತರೂ ಬೇಸಿಗೆಯಲ್ಲಿ ಬಂದು ತಂಗತೊಡಗಿದರು. ಏಳನೆಯ ರಾಮನೆಂದು ಹೆಸರಾದ ಪ್ರಜಾಧಿಪೋಕ್ ದೊರೆ ಅಲ್ಲಿ ಒಂದು ಬೇಸಿಗೆಯ ಅರಮನೆಯನ್ನು ಕಟ್ಟಿಸಿ, ಚಿಂತೆಗಳಿಗೆ ದೂರವಾದುದು ಎಂಬರ್ಥದ ಕ್ಲಾಯ್ ಕಾಂಗ್‌ವೋನ್ ಎಂಬ ಹೆಸರನ್ನಿಟ್ಟರು. ೧೯೩೨ರ ಜೂನ್ ತಿಂಗಳಲ್ಲಿ ಬ್ಯಾಂಕಾಕಿನಲ್ಲಿ ಕ್ರಾಂತಿಯಾಗಿ ನಿರಂಕುಶ ರಾಜಪ್ರಭುತ್ವ ಕೊನೆಗೊಂಡ ವಾರ್ತೆ ಆ ದೊರೆಗೆ ತಲುಪಿದುದು ಇದೇ ಅರಮನೆಯಲ್ಲಿ. ಅದಾದ ಮೂರು ವರ್ಷಗಳೊಳಗೆ, ಅದೇ ಊರಿನ ಸಾಮಾನ್ಯ ಮನೆತನವೊಂದರಲ್ಲಿ ನಮ್ಮ ಚರಿತ್ರನಾಯಕನು ಹುಟ್ಟಿದನು.

ತಾಯಿತಂದೆಗಳು ಮಗುವಿಗೆ ಇಟ್ಟ ಹೆಸರು ಮಾನ. ಮನೆತನದ ಹೆಸರು ಸೀಡೋಕ್‌ಬುವಾಪ್. ಥಾಯ್ ಭಾಷೆಯಲ್ಲಿ ಸಂಸ್ಕೃತ ಮತ್ತು ಪಾಳಿ ಶಬ್ದಗಳು ಹೇರಳವಾಗಿ ಬೆರೆತಿವೆ ಎಂಬುದು ಭಾಷಾಭ್ಯಾಸಿಗಳಿಗೆ ತಿಳಿದ ಸಂಗತಿ. ನಮ್ಮಲ್ಲಿ ಮಾನವೆಂದರೆ ಗೌರವ, ಅಭಿಮಾನ, ಮರ್ಯಾದೆ. ಅದೇ ಶಬ್ದವು ಆ ದೇಶಕ್ಕೆ ಹೋಗಿ ನೆಲೆಸಿದಾಗ ಬಿಡದ ಪ್ರಯತ್ನ, ದೃಢವಾದ ಸಾಧನೆ ಎಂಬ ಅರ್ಥವನ್ನು ಪಡೆಯಿತು. ಒಂದೇ ಮಾತಿಗೆ ಎರಡು ನಾಡುಗಳಲ್ಲಿ ಎರಡು ಅರ್ಥಗಳು. ಆದರೆ ಈ ಎರಡು ಅರ್ಥಗಳಿಗೂ ಒಳಗೊಳಗೇ ನಂಟುಂಟು ಎಂಬುದಕ್ಕೆ ಆ ಹೆಸರನ್ನು ಹೊತ್ತವನ ಜೀವನವೇ ವ್ಯಾಖ್ಯಾನವಾಯಿತು.

ಅಖಾಡಕ್ಕಿಳಿದ ಮೇಲೆ ಆತನಿಗೆ ಬಂದ ಹೆಸರು ಪೋನ್ ಕಿಂಗ್‌ಪೆಚ್. ಪೋನ್ ಎಂದರೆ ನೆಗೆಯುವವನು. ಕಿಂಗ್‌ಪೆಚ್ ಎಂಬಲ್ಲಿಯ ಕಿಂಗ್ ಇಂಗ್ಲಿಷಿನ ರಾಜವಾಚಕ ಶಬ್ದವಲ್ಲ. ಥಾಯ್ ಭಾಷೆಯಲ್ಲಿ ಅದಕ್ಕೆ ಕೊಂಬೆಯೆಂದು ಅರ್ಥ. ಪೆಚ್ ಎಂಬುದು ಸಂಸ್ಕೃತದ ವಜ್ರ ಶಬ್ದದ ತದ್ಭವ. ವಜ್ರದ ಕೊಂಬೆ ಎಂಬ ಸುಂದರವಾದ ಅರ್ಥವುಳ್ಳ ಈ ಹೆಸರು ಬ್ಯಾಂಕಾಕಿನ ಒಂದು ಬಡಾವಣೆಯದು. ಅಲ್ಲಿಯ ಗರಡಿಗೂ ಅದೇ ಹೆಸರು. ಥಾಯ್ ಮುಷ್ಟಿಮಲ್ಲರು ತಮ್ಮ ಮನೆತನದ ಹೆಸರನ್ನು ಬದಿಗಿರಿಸಿ, ತಮ್ಮನ್ನು ತಿದ್ದಿ ತೀಡಿದ ಗರಡಿಯ ಹೆಸರನ್ನೇ ಧರಿಸುವ ಪದ್ಧತಿ ಆ ದೇಶದಲ್ಲಿ ಬಹಳ ಕಾಲದಿಂದ ಇದೆ. ಕಿಂಗ್‌ಪೆಚ್ ಗರಡಿಯ ಒಡೆಯರಾಗಿದ್ದ ಥೋಂಗ್‌ಥೋತ್ ಇಂತರಥಾತ್ ಅವರೇ ಪೋನನ ವ್ಯವಸ್ಥಾಪಕರು. ಇಂತರಥಾತ್ ಎಂಬುದು ನಮ್ಮ ಇಂದ್ರದತ್ತನ ಥಾಯ್ ರೂಪವೆಂದು ವಾಚಕರಿಗೆ ಬೇರೆ ಹೇಳಬೇಕಾಗಿಲ್ಲ.

ಪೋನನ ಸಾಧನೆಯ ಬೆಲೆಯನ್ನು ತಿಳಿಯಬೇಕಾದರೆ ಆ ದೇಶದ ಮುಷ್ಟಿಯುದ್ಧದ ಸಂಪ್ರದಾಯವನ್ನು ತುಸು ಅರಿಯಬೇಕು. ಥಾಯ್ ಜನರಿಗೆ ಈ ವಿದ್ಯೆ ಹೊಸದಲ್ಲ. ೧೭೬೭ರಲ್ಲಿ ಬರ್ಮಾದವರು ಆಯುಥಯಾ ರಾಜಧಾನಿಯನ್ನು ಸುಟ್ಟು, ಸಾವಿರಾರು ಜನರನ್ನು ಸೆರೆಯೊಯ್ದರು. ಆ ಸೆರೆಯಾಳುಗಳಲ್ಲಿ ಒಬ್ಬನಾದ ನಾಯ್ ಖನೋಮ್ ತೋಮ್ ಎಂಬಾತನು ಬರ್ಮಾ ದೊರೆಯ ಎದುರಿನಲ್ಲಿ ಒಬ್ಬರಾದ ಮೇಲೊಬ್ಬರಂತೆ ಹಲವು ಮಲ್ಲರನ್ನು ಕೆಡವಿ ಬಿಡುಗಡೆ ಪಡೆದನೆಂಬ ಐತಿಹ್ಯವನ್ನು ಥಾಯ್ ಮಕ್ಕಳು ಇಂದಿಗೂ ಕೇಳಿ ಬೆಳೆಯುತ್ತಾರೆ. ಮಾರ್ಚ್ ೧೭ನೆಯ ದಿನವನ್ನು ಆತನ ಹೆಸರಿನಲ್ಲಿ ಆಚರಿಸುತ್ತಾರೆ. ಈ ದೇಶೀಯ ಪದ್ಧತಿಯಲ್ಲಿ ಮುಷ್ಟಿಯಷ್ಟೇ ಅಲ್ಲದೆ ಮೊಣಕೈ, ಮೊಣಕಾಲು, ಪಾದಗಳಿಂದಲೂ ಹೊಡೆಯಬಹುದು. ಹಿಂದೆ ಕೈಗಳಿಗೆ ನೂಲಿನ ಹಗ್ಗವನ್ನು ಸುತ್ತಿಕೊಂಡು ಸೆಣಸುತ್ತಿದ್ದರು. ಇಪ್ಪತ್ತನೆಯ ಶತಮಾನದಲ್ಲಿ ಕೈಗವಸುಗಳು ಬಂದವು. ಸೆಣಸಾಟದ ಮೊದಲು ಮಲ್ಲನು ತಲೆಗೆ ಮೋಂಗ್‌ಕೋನ್ ಎಂಬ ಪಟ್ಟಿಯನ್ನು ಧರಿಸಿ, ವಾದ್ಯಗಳ ಲಯಕ್ಕೆ ಹೆಜ್ಜೆಯಿಡುತ್ತ ಗುರುವಂದನೆ ಮಾಡುತ್ತಾನೆ. ಮೋಂಗ್‌ಕೋನ್ ಎಂದರೆ ಮಂಗಳ. ವಂದನೆಗೆ ವಾಯ್ ಖ್ರೂ ಎಂದು ಹೆಸರು, ಅಲ್ಲಿಯ ಖ್ರೂ ನಮ್ಮ ಗುರುವೇ.

ಇದಕ್ಕೆ ಭಿನ್ನವಾಗಿ, ಕೈಗವಸು ತೊಟ್ಟ ಮುಷ್ಟಿಯೊಂದನ್ನೇ ಬಳಸುವ ಪಾಶ್ಚಾತ್ಯ ಪದ್ಧತಿಯನ್ನು ಥಾಯ್ ಜನ ಮುಆಯ್ ಸಾಕೋನ್ ಎಂದು ಕರೆದರು. ಸಾಕೋನ್ ಎಂದರೆ ಸಕಲ, ಅಂದರೆ ಸಕಲ ಜಗತ್ತಿಗೂ ಸಲ್ಲುವುದು. ತಮ್ಮ ನೆಲದ ವಿದ್ಯೆಯಲ್ಲಿ ತಮಗೆ ಸಮಾನರಿಲ್ಲವೆಂಬ ಹೆಮ್ಮೆಯಿದ್ದ ಆ ಜನಕ್ಕೆ, ಸಕಲರ ವಿದ್ಯೆಯಲ್ಲಿಯೂ ತಮ್ಮವನೊಬ್ಬನು ಮೇಲಾಗಬೇಕೆಂಬ ಹಂಬಲ ಬಲವಾಗಿತ್ತು. ೧೯೪೫ರ ಡಿಸೆಂಬರಿನಲ್ಲಿ ಬ್ಯಾಂಕಾಕಿನಲ್ಲಿ ರಾಜದಮ್ನೊನ್ ಕ್ರೀಡಾಮಂದಿರವೂ, ೧೯೫೬ರ ಡಿಸೆಂಬರಿನಲ್ಲಿ ಲುಂಪಿನಿ ಕ್ರೀಡಾಮಂದಿರವೂ ತೆರೆದವು. ಲುಂಪಿನಿಯೆಂಬುದು ಬುದ್ಧನು ಅವತರಿಸಿದ ಲುಂಬಿನಿಯ ಹೆಸರೇ.

ಈ ಹಂಬಲದ ಮೊದಲ ಪ್ರಯತ್ನಗಳು ಕೈಗೂಡಲಿಲ್ಲ. ಚಮ್ರೋನ್ ಸೋಂಗ್‌ಕಿತ್ರಾತ್ ಎಂಬ ಪೊಲೀಸನು ೧೯೫೪ರ ಮೇ ೨ರಂದು ಬ್ಯಾಂಕಾಕಿನಲ್ಲಿ ಆಸ್ಟ್ರೇಲಿಯಾದ ಜಿಮ್ಮಿ ಕ್ಯಾರಥರ್ಸನನ್ನು ಬ್ಯಾಂಟಮ್‌ವೇಟ್ ವರ್ಗದ ವಿಶ್ವಪದವಿಗಾಗಿ ಎದುರಿಸಿದನು. ಅಂದು ಬಯಲು ಕ್ರೀಡಾಂಗಣದ ಮೇಲೆ ಮಳೆ ಧಾರಾಕಾರವಾಗಿ ಸುರಿಯಿತು. ನೀರು ನಿಂತ ಕಣದಲ್ಲಿ ಕಾಲು ಜಾರದಿರಲೆಂದು ಇಬ್ಬರೂ ಬರಿಗಾಲಿನಲ್ಲಿ ಸೆಣಸಿದರು. ಹನ್ನೆರಡು ಸುತ್ತುಗಳ ಕೊನೆಯಲ್ಲಿ ಗೆಲವು ಆಸ್ಟ್ರೇಲಿಯಾದವನದಾಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಚಮ್ರೋನನು ಫ್ರಾನ್ಸಿನ ರಾಬರ್ಟ್ ಕೋಹೆನನಿಗೂ, ಮರುವರ್ಷ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮೆಕ್ಸಿಕೋದ ರೌಲ್ ಮಸಿಯಾಸನಿಗೂ ಸೋತನು. ಮೂರು ಬಾರಿ ಬಾಗಿಲು ತಟ್ಟಿ ಮೂರು ಬಾರಿಯೂ ಬರಿಗೈಯಲ್ಲಿ ಮರಳಿದ ಆ ವೀರನು ಸೆಣಸುತ್ತಿದ್ದ ಕಾಲದಲ್ಲಿಯೇ ಪೋನನು ವೃತ್ತಿಪರ ಮುಷ್ಟಿಯುದ್ಧಕ್ಕೆ ಕಾಲಿಟ್ಟನು. ಅದು ೧೯೫೪ರ ಮಾತು; ಆಗ ಆತನ ವಯಸ್ಸು ೧೯. ಮೂರು ವರ್ಷಗಳೊಳಗೆ, ೧೯೫೭ರಲ್ಲಿ, ಪ್ರಾಚ್ಯ ದೇಶಗಳ ಫ್ಲೈವೇಟ್ ಪದವಿ ಆತನದಾಯಿತು.

ಫ್ಲೈವೇಟ್ ಎಂಬುದು ಆ ಕಾಲದ ವರ್ಗಗಳಲ್ಲಿ ಅತ್ಯಂತ ಹಗುರವಾದುದು. ೧೧೨ ಪೌಂಡು, ಎಂದರೆ ಸುಮಾರು ೫೦.೮ ಕಿಲೋಗ್ರಾಂ ತೂಕವನ್ನು ಮೀರಿದವರಿಗೆ ಅದರಲ್ಲಿ ಅವಕಾಶವಿಲ್ಲ. ತೂಕ ಹಗುರವೆಂದು ಕೆಲಸ ಹಗುರವೆಂದು ಭಾವಿಸಬಾರದು. ವಿಶ್ವಪದವಿಯ ಸೆಣಸಾಟಕ್ಕೆ ಆಗ ೧೫ ಸುತ್ತುಗಳಿದ್ದವು. ಸುತ್ತಿಗೆ ಮೂರು ನಿಮಿಷ, ನಡುವೆ ಒಂದೊಂದು ನಿಮಿಷದ ವಿಶ್ರಾಂತಿ. ಕೊನೆಯವರೆಗೆ ನಿಂತವನು ೪೫ ನಿಮಿಷಗಳ ಕಾಲ ಏಟು ಕೊಟ್ಟು ಏಟು ತಿನ್ನಬೇಕಾಗಿತ್ತು. ಇಂದು ಸುತ್ತುಗಳು ೧೨ಕ್ಕೆ ಇಳಿದಿವೆ; ಒಂದೊಂದು ತೂಕಕ್ಕೂ ಹಲವು ಸಂಸ್ಥೆಗಳು ಹಲವು ವಿಜೇತರನ್ನು ಸಾರುತ್ತವೆ. ೧೯೬೦ರಲ್ಲಿ ಫ್ಲೈವೇಟ್ ವರ್ಗಕ್ಕೆ ಇಡೀ ಜಗತ್ತಿನಲ್ಲಿ ವಿಜೇತನು ಒಬ್ಬನೇ.

ಆ ಒಬ್ಬನು ಅರ್ಜೆಂಟೀನಾದ ಪಾಸ್ಕುವಾಲ್ ಪೆರೆಸ್. ೧೯೪೮ರ ಲಂಡನ್ ಒಲಿಂಪಿಕ್ ಕ್ರೀಡೆಗಳಲ್ಲಿ ಚಿನ್ನದ ಪದಕ ಪಡೆದವನು. ೧೯೫೪ರ ನವೆಂಬರಿನಲ್ಲಿ ಟೋಕಿಯೋದಲ್ಲಿ ಜಪಾನಿನ ಯೋಶಿಯೋ ಶಿರಾಯಿಯನ್ನು ಸೋಲಿಸಿ ತನ್ನ ದೇಶಕ್ಕೆ ಮೊದಲ ವಿಶ್ವಪದವಿಯನ್ನು ತಂದವನು. ಎತ್ತರ ಐದು ಅಡಿಗೆ ಒಂದು ಅಂಗುಲ ಕಡಿಮೆ. ಬಲದಲ್ಲಿ ಮಾತ್ರ ಎಣೆಯಿಲ್ಲದವನು. ಐದು ವರ್ಷಗಳಿಗೂ ಮಿಕ್ಕಿ ಆ ಪದವಿಯನ್ನು ಯಾರೂ ಆತನಿಂದ ಕಸಿದುಕೊಳ್ಳಲಾಗಿರಲಿಲ್ಲ. ಇತ್ತ ಪೋನನಾದರೋ ಐದೂವರೆ ಅಡಿ ಮೀರಿದ ನೀಳಕಾಯ. ಆ ತೂಕದವರಲ್ಲಿ ಅಷ್ಟು ಎತ್ತರ ಅಪರೂಪ. ಉದ್ದವಾದ ತೋಳುಗಳು, ಎದುರಾಳಿಯನ್ನು ಹತ್ತಿರ ಸುಳಿಯಗೊಡದ ಎಡಗೈಯ ನೇರ ಹೊಡೆತ, ಇವೇ ಆತನ ಆಯುಧಗಳು.

೧೯೬೦ರ ಏಪ್ರಿಲ್ ೧೬ರಂದು ಈ ಇಬ್ಬರೂ ಲುಂಪಿನಿಯ ಕಣದಲ್ಲಿ ಎದುರುಬದುರಾದರು. ಥಾಯ್ ಜನರ ಹೊಸ ವರ್ಷದ ಹಬ್ಬವಾದ ಸೋಂಗ್‌ಕ್ರಾನ್ ಏಪ್ರಿಲ್ ೧೩ರಿಂದ ೧೫ರವರೆಗೆ ನಡೆಯುತ್ತದೆ. ನಮ್ಮ ಸಂಕ್ರಾಂತಿ ಶಬ್ದವೇ ಅಲ್ಲಿ ಸೋಂಗ್‌ಕ್ರಾನ್ ಆಗಿದೆ. ಹಬ್ಬದ ನೀರೆರಚಾಟದ ಸಂಭ್ರಮ ಮುಗಿದ ಮರುದಿನವೇ ಈ ಮಹಾಯುದ್ಧ. ದೊರೆ ಭೂಮಿಬಲ ಅತುಲ್ಯತೇಜರು ಸ್ವತಃ ಆಗಮಿಸಿ ಪ್ರೇಕ್ಷಕರ ನಡುವೆ ಆಸೀನರಾಗಿದ್ದರು. ಹದಿನೈದು ಸುತ್ತುಗಳೂ ನಡೆದವು. ಪೆರೆಸನು ಒಳನುಗ್ಗಲು ಹವಣಿಸಿದಂತೆಲ್ಲ ಪೋನನ ಎಡಗೈ ಆತನನ್ನು ದೂರದಲ್ಲಿಯೇ ತಡೆಯಿತು. ಕೊನೆಗೆ ಅಂಕಗಳನ್ನು ಎಣಿಸಿದಾಗ ಮೂವರಲ್ಲಿ ಇಬ್ಬರು ಪೋನನ ಪರವಾಗಿಯೂ ಒಬ್ಬನು ಪೆರೆಸನ ಪರವಾಗಿಯೂ ತೀರ್ಪಿತ್ತರು. ಇಪ್ಪತ್ತೈದು ವರ್ಷದ ಹುವಾ ಹಿನ್ನಿನ ತರುಣನು ಜಗತ್ತಿನ ವಿಜೇತನಾದನು. ಥಾಯ್ ದೇಶದಲ್ಲಿ ಹುಟ್ಟಿದ ಒಬ್ಬನಿಗೆ ಯಾವ ತೂಕದಲ್ಲಿಯೂ ಅದುವರೆಗೆ ದೊರೆಯದಿದ್ದ ಪದವಿ ಅದು. ಆ ದಿನವನ್ನು ಇಂದಿಗೂ ಅಲ್ಲಿಯ ಕ್ರೀಡಾಭಿಮಾನಿಗಳು ಸ್ಮರಿಸುತ್ತಾರೆ.

ಮೂವರಲ್ಲಿ ಒಬ್ಬನು ಒಪ್ಪದ ಗೆಲವು ಸಂಶಯಕ್ಕೆ ಎಡೆಯುಳ್ಳದ್ದು. ತವರಿನ ಕಣ, ತವರಿನ ಜನ, ತವರಿನ ದೊರೆ. ಇಂತಹ ಅನುಕೂಲದಲ್ಲಿ ಬಂದ ಪದವಿ ಪರಸ್ಥಳದಲ್ಲಿ ನಿಲ್ಲುವುದೇ ಎಂದು ಕೇಳುವವರು ಇರುವುದು ಸಹಜ. ಈ ಪ್ರಶ್ನೆಗೆ ಪೋನನು ಆರು ತಿಂಗಳೊಳಗೆ ಉತ್ತರವಿತ್ತನು. ಅದೇ ವರ್ಷದ ಸೆಪ್ಟೆಂಬರ್ ೨೨ರಂದು ಅಮೆರಿಕದ ಲಾಸ್ ಏಂಜಲಿಸ್ ನಗರದಲ್ಲಿ ಪೆರೆಸನನ್ನು ಮತ್ತೆ ಎದುರಿಸಿದನು. ಈ ಸಲ ಅಂಕಗಳನ್ನು ಎಣಿಸುವ ಪ್ರಮೇಯವೇ ಬರಲಿಲ್ಲ. ಎಂಟನೆಯ ಸುತ್ತಿನಲ್ಲಿ ಸೆಣಸಾಟ ಮುಗಿದುಹೋಯಿತು. ಅಂಕಗಳ ಮೇಲಲ್ಲದೆ ಎಂದೂ ಸೋಲದಿದ್ದ ಪೆರೆಸನನ್ನು ಪೂರ್ತಿಯಾಗಿ ನಿಲ್ಲಿಸಿದ ಮೊದಲಿಗನು ಪೋನನೇ.

ಮುಂದಿನ ಎರಡು ವರ್ಷಗಳಲ್ಲಿ ಆತನು ಜಪಾನಿಗೆ ಹೋಗಿ ತನ್ನ ಪದವಿಯನ್ನು ಕಾಪಾಡಿಕೊಂಡನು. ೧೯೬೧ರ ಜೂನ್ ೨೭ರಂದು ಟೋಕಿಯೋದಲ್ಲಿ ಮಿತ್ಸುನೋರಿ ಸೆಕಿಯನ್ನು ಹದಿನೈದು ಸುತ್ತುಗಳ ನಂತರ ಅಲ್ಪ ಅಂತರದಿಂದ ಗೆದ್ದನು. ಈ ಸೆಕಿಯು ಮುಂದೆ ಬೇರೊಂದು ತೂಕದಲ್ಲಿಯೂ ವಿಶ್ವಪದವಿಗಾಗಿ ಸೆಣಸಿ, ಒಟ್ಟು ಐದು ಬಾರಿ ಪ್ರಯತ್ನಿಸಿಯೂ ಅದನ್ನು ಪಡೆಯದೆಯೇ ನಿವೃತ್ತನಾದನು. ಬಾಗಿಲವರೆಗೆ ಬಂದು ಒಳಗೆ ಕಾಲಿಡಲಾಗದವರೂ ಇದ್ದಾರೆ ಎಂಬುದನ್ನು ಮರೆಯಬಾರದೆಂದು ಈ ಮಾತನ್ನು ಇಲ್ಲಿ ಹೇಳಿದೆ. ೧೯೬೨ರ ಮೇ ೩೦ರಂದು ಅದೇ ನಗರದಲ್ಲಿ ಕ್ಯೋ ನೊಗುಚಿಯನ್ನೂ ಪೋನನು ಅಂಕಗಳ ಮೇಲೆ ಸೋಲಿಸಿದನು.

ಹೀಗೆ ಎರಡೂವರೆ ವರ್ಷ ನಡೆದ ಮೇಲೆ ಮೊದಲ ಪತನ ಒದಗಿತು. ೧೯೬೨ರ ಅಕ್ಟೋಬರ್ ೧೦ರಂದು ಟೋಕಿಯೋದಲ್ಲಿ ಆತನ ಎದುರಿಗೆ ನಿಲ್ಲಬೇಕಾಗಿದ್ದವನು ಸದಾವೊ ಯಾವೊಯಿತಾ ಎಂಬ ಅನುಭವಿ. ಆತನು ಇದ್ದಕ್ಕಿದ್ದಂತೆ ನಿವೃತ್ತಿ ಘೋಷಿಸಿದುದರಿಂದ ಆ ಸ್ಥಾನಕ್ಕೆ ಬಂದವನು ಹತ್ತೊಂಬತ್ತು ವರ್ಷದ ಹುಡುಗ, ಮಸಾಹಿಕೊ ಹರಾದಾ. ಕ್ರೀಡಾಲೋಕ ಆತನನ್ನು ಬಲ್ಲುದು ಫೈಟಿಂಗ್ ಹರಾದಾ ಎಂಬ ಹೆಸರಿನಿಂದ. ದಣಿವೆಂಬುದನ್ನು ಅರಿಯದ ಆ ಹುಡುಗನು ಮೊದಲ ಗಂಟೆಯಿಂದಲೇ ಮೇಲೇರಿ ಬಂದನು. ಹನ್ನೊಂದನೆಯ ಸುತ್ತಿನಲ್ಲಿ ಪೋನನನ್ನು ಕಣದ ಮೂಲೆಗೆ ಒತ್ತಿ ಏಟಿನ ಮೇಲೆ ಏಟು ಸುರಿಸಿದನು. ಪೋನನು ಕುಸಿದನು, ಹತ್ತು ಎಣಿಸುವುದರೊಳಗೆ ಏಳಲಾಗಲಿಲ್ಲ.

ಹರಾದಾ ಸಾಮಾನ್ಯನಲ್ಲ. ಅವನು ಮುಂದೆ ೧೯೬೫ರಲ್ಲಿ ಬ್ರೆಜಿಲಿನ ಎಡರ್ ಜೋಫ್ರೆಯಂತಹ ಅಜೇಯನನ್ನು ಸೋಲಿಸಿ ಬ್ಯಾಂಟಮ್‌ವೇಟ್ ವಿಶ್ವಪದವಿಯನ್ನೂ ಗಳಿಸಿದನು. ಅಂತಹವನ ಕೈಯಲ್ಲಿ ಸೋತದ್ದು ಅವಮಾನವೇನಲ್ಲ. ಆದರೆ ಫ್ಲೈವೇಟ್ ವರ್ಗದ ಚರಿತ್ರೆಯಲ್ಲಿ ಕಳೆದುಕೊಂಡ ವಿಶ್ವಪದವಿಯನ್ನು ಮರಳಿ ಪಡೆದವರು ಅಲ್ಲಿಯವರೆಗೆ ಒಬ್ಬರೂ ಇರಲಿಲ್ಲ. ಹಗುರದೇಹಿಗಳ ಚುರುಕು ಬೇಗ ಮುಪ್ಪಾಗುತ್ತದೆ. ಒಮ್ಮೆ ಬಿದ್ದವನ ಕಾಲ ಮುಗಿಯಿತೆಂಬುದು ಎಲ್ಲರ ನಂಬಿಕೆ. ಆ ನಂಬಿಕೆ ಉಳಿದದ್ದು ಇನ್ನು ೯೪ ದಿನ ಮಾತ್ರ. ೧೯೬೩ರ ಜನವರಿ ೧೨ರಂದು ಹರಾದಾ ಬ್ಯಾಂಕಾಕಿಗೆ ಬಂದನು. ಪೋನನು ಹದಿನೈದು ಸುತ್ತುಗಳ ಕಾಲ ತನ್ನ ಎಡಗೈಯ ದೂರವನ್ನು ಕಾಯ್ದುಕೊಂಡು ಸೆಣಸಿ, ಅಂಕಗಳ ಮೇಲೆ ಗೆದ್ದು, ಬಿಟ್ಟುಹೋದ ಕಿರೀಟವನ್ನು ಮತ್ತೆ ಧರಿಸಿದನು. ಹರಾದಾನಾದರೋ ಫ್ಲೈವೇಟ್ ವರ್ಗವನ್ನೇ ಬಿಟ್ಟು ಮೇಲಿನ ತೂಕಕ್ಕೆ ಹೋದನು.

ಎರಡನೆಯ ಪತನ ಮೊದಲನೆಯದಕ್ಕಿಂತ ಕಠೋರವಾಗಿತ್ತು. ೧೯೬೩ರ ಸೆಪ್ಟೆಂಬರ್ ೧೮ರಂದು ಪೋನನು ಮತ್ತೆ ಟೋಕಿಯೋಗೆ ಹೋದನು. ಎದುರಾಳಿ ಹಿರೋಯುಕಿ ಎಬಿಹಾರಾ, ಎಡಚ, ಆತನ ಎಡಗೈಯ ಹೊಡೆತವನ್ನು ಕ್ಷೌರದ ಕತ್ತಿಗೆ ಹೋಲಿಸುತ್ತಿದ್ದರು. ಗಂಟೆ ಬಾರಿಸಿ ಎರಡು ನಿಮಿಷವಾಗುತ್ತಿದ್ದಂತೆ ಎಲ್ಲವೂ ಮುಗಿದಿತ್ತು. ಮೊದಲ ಸುತ್ತು ಮುಗಿಯುವ ಮೊದಲೇ ಪೋನನು ನೆಲಕ್ಕುರುಳಿ ಎಣಿಕೆಗೆ ಸೋತನು. ಹೋರಾಡಿ ಸೋತವನಿಗೆ ಹೋರಾಡಿದೆನೆಂಬ ಸಮಾಧಾನವಾದರೂ ಉಳಿಯುತ್ತದೆ. ಅಂದು ಪೋನನಿಗೆ ಅದೂ ಉಳಿಯಲಿಲ್ಲ. ವಯಸ್ಸು ಇಪ್ಪತ್ತೆಂಟು ಕಳೆದಿತ್ತು. ಅಲ್ಲಿಗೆ ಕೈಗವಸುಗಳನ್ನು ಕಳಚಿಟ್ಟಿದ್ದರೂ ಥಾಯ್ ದೇಶದ ಚರಿತ್ರೆಯಲ್ಲಿ ಆತನ ಹೆಸರು ಉಳಿಯುತ್ತಿತ್ತು. ಯಾರೂ ಆತನನ್ನು ದೂಷಿಸುತ್ತಿರಲಿಲ್ಲ.

ಆತನು ಕಳಚಿಡಲಿಲ್ಲ. ೧೨೭ ದಿನಗಳ ಬಳಿಕ, ೧೯೬೪ರ ಜನವರಿ ೨೩ರಂದು, ಬ್ಯಾಂಕಾಕಿನಲ್ಲಿ ಅದೇ ಎಬಿಹಾರಾನ ಎದುರು ನಿಂತನು. ತನ್ನನ್ನು ಎರಡೇ ನಿಮಿಷಗಳಲ್ಲಿ ಕೆಡವಿದ ಅದೇ ಎಡಗೈ ಎದುರಿನಲ್ಲಿತ್ತು. ಆ ಕೈಯ ನೆನಪು ಮೈಯಲ್ಲಿರುವಾಗ ಅದರ ಮುಂದೆ ಮತ್ತೆ ಮುಖವೊಡ್ಡುವುದೆಂದರೆ ಎಂತಹ ಎದೆಗಾರಿಕೆ ಬೇಕೆಂಬುದನ್ನು ವಾಚಕರೇ ಊಹಿಸಿಕೊಳ್ಳಬೇಕು. ಮೊದಲ ಸುತ್ತು ಕಳೆಯಿತು, ಐದನೆಯದು ಕಳೆಯಿತು, ಹತ್ತನೆಯದು ಕಳೆಯಿತು. ಹದಿನೈದನೆಯ ಸುತ್ತಿನ ಗಂಟೆಯಾದಾಗಲೂ ಪೋನನು ತನ್ನ ಕಾಲ ಮೇಲೆ ನಿಂತಿದ್ದನು. ತೀರ್ಪುಗಾರರಲ್ಲಿ ಒಮ್ಮತವಿರಲಿಲ್ಲವಾದರೂ ಬಹುಮತ ಆತನದಾಯಿತು. ಮೂರನೆಯ ಬಾರಿಗೆ ಜಗತ್ತಿನ ಕಿರೀಟ ಆತನ ತಲೆಗೇರಿತು. ನಮ್ಮ ಅಭಿಪ್ರಾಯದಲ್ಲಿ ಪೆರೆಸನನ್ನು ಗೆದ್ದ ರಾತ್ರಿಗಿಂತ ಈ ರಾತ್ರಿಯೇ ದೊಡ್ಡದು. ಅಂದು ಆತನು ಗೆದ್ದುದು ಒಬ್ಬ ಮಲ್ಲನನ್ನು. ಇಂದು ಗೆದ್ದುದು ಮಲ್ಲನ ಜೊತೆಗೆ ತನ್ನ ಮನಸ್ಸಿನೊಳಗಿನ ಭಯವನ್ನೂ.

ಮೂರನೆಯ ಆಳ್ವಿಕೆ ಹದಿನೈದು ತಿಂಗಳು ನಡೆಯಿತು. ೧೯೬೫ರ ಏಪ್ರಿಲ್ ೨೩ರಂದು ಇಟಲಿಯ ರೋಮ್ ನಗರದಲ್ಲಿ, ಸಾರ್ಡೀನಿಯಾ ದ್ವೀಪದವನಾದ ಸಾಲ್ವತೋರೆ ಬುರ‍್ರೂನಿಯೊಡನೆ ಹದಿನೈದು ಸುತ್ತುಗಳನ್ನು ಪೂರ್ತಿಯಾಗಿ ಸೆಣಸಿ ಪೋನನು ಅಂಕಗಳ ಮೇಲೆ ಸೋತನು. ಈ ಸಲ ಮರಳಿ ಪಡೆಯುವ ಯೋಗ ಒದಗಲಿಲ್ಲ. ೧೯೬೬ರಲ್ಲಿ ಆತನು ಅಖಾಡದಿಂದ ನಿವೃತ್ತನಾದನು. ಒಟ್ಟು ೩೫ ಸೆಣಸಾಟಗಳು. ಅವುಗಳಲ್ಲಿ ೨೮ ಗೆಲವು, ೭ ಸೋಲು.

ಈಗ ಆತನ ವಿಶ್ವಪದವಿಯ ಲೆಕ್ಕವನ್ನು ಒಟ್ಟಾಗಿ ಪರಿಶೀಲಿಸೋಣ. ಪದವಿಗಾಗಿ ನಡೆದ ಸೆಣಸಾಟಗಳು ೯. ಅವುಗಳಲ್ಲಿ ಬ್ಯಾಂಕಾಕಿನಲ್ಲಿ ನಡೆದವು ೩. ಆ ಮೂರರಲ್ಲಿಯೂ ಪೋನನು ಪದವಿಯನ್ನು ಗಳಿಸಿದನು, ಮೂರೂ ಅಂಕಗಳ ಮೇಲೆ. ಇಷ್ಟನ್ನೇ ನೋಡಿದವರು, ತವರಿನ ಕೂಗು ತೀರ್ಪುಗಾರರ ಲೇಖನಿಯನ್ನು ಬಾಗಿಸಿತೆಂದು ಹೇಳಬಹುದು. ಆದರೆ ಲೆಕ್ಕದ ಇನ್ನೊಂದು ಪುಟವುಂಟು. ವಿಜೇತನಾಗಿ ಆತನು ಪದವಿಯನ್ನು ಪಣಕ್ಕಿಟ್ಟ ೬ ಸೆಣಸಾಟಗಳೂ ಪರದೇಶಗಳಲ್ಲಿಯೇ ನಡೆದವು: ಲಾಸ್ ಏಂಜಲಿಸಿನಲ್ಲಿ ೧, ಟೋಕಿಯೋದಲ್ಲಿ ೪, ರೋಮಿನಲ್ಲಿ ೧. ಇವುಗಳಲ್ಲಿ ಮೂರನ್ನು ಗೆದ್ದನು, ಮೂರನ್ನು ಸೋತನು. ಕಿರೀಟ ತಲೆಯ ಮೇಲಿದ್ದಾಗ ಒಮ್ಮೆಯೂ ತನ್ನ ಜನರ ಜಯಘೋಷದ ನೆರಳಿನಲ್ಲಿ ಅದನ್ನು ಕಾಯ್ದುಕೊಳ್ಳುವ ಸೌಕರ್ಯ ಆತನಿಗೆ ದೊರೆಯಲಿಲ್ಲ. ಎದುರಾಳಿಯ ನೆಲದಲ್ಲಿ, ಎದುರಾಳಿಯ ಜನರ ನಡುವೆ, ಅರಿಯದ ಭಾಷೆಯ ಗದ್ದಲದಲ್ಲಿ ನಿಂತು ಸೆಣಸಿದನು. ತವರಿನ ಅನುಕೂಲ ಆತನಿಗೆ ಒದಗಿದ್ದರೆ ಅದು ಬರಿಗೈಯಲ್ಲಿ ಮರಳಿ ಬಂದಾಗ ಮಾತ್ರ. ನ್ಯಾಯದ ತಕ್ಕಡಿಯಲ್ಲಿ ಈ ಎರಡು ಪುಟಗಳನ್ನೂ ಇಟ್ಟು ತೂಗಬೇಕು.

ರೋಮಿನಲ್ಲಿ ಕೈಬಿಟ್ಟ ಕಿರೀಟದ ಮುಂದಿನ ಕಥೆಯೂ ಸ್ವಾರಸ್ಯವಾಗಿದೆ. ಬುರ‍್ರೂನಿಯಿಂದ ಅದು ೧೯೬೬ರ ಜೂನಿನಲ್ಲಿ ಲಂಡನ್ನಿನಲ್ಲಿ ಸ್ಕಾಟ್ಲೆಂಡಿನ ವಾಲ್ಟರ್ ಮೆಕ್‌ಗೋವನ್ ಎಂಬಾತನಿಗೆ ಸಂದಿತು. ಮೆಕ್‌ಗೋವನ್ನನು ಅದನ್ನು ಹೊತ್ತು ಬ್ಯಾಂಕಾಕಿಗೆ ಬಂದಾಗ, ಅದೇ ವರ್ಷದ ಡಿಸೆಂಬರ್ ೩೦ರಂದು, ಚಾರ್ತ್‌ಚಾಯ್ ಚಿಯೋನೋಯ್ ಎಂಬ ಇನ್ನೊಬ್ಬ ಥಾಯ್ ತರುಣನು ಅದನ್ನು ಗೆದ್ದುಕೊಂಡನು. ಪೋನನ ಕೈಜಾರಿದ ಕಿರೀಟ ಮೂರು ದೇಶಗಳನ್ನು ಸುತ್ತಿ ಇಪ್ಪತ್ತು ತಿಂಗಳಲ್ಲಿ ಪೋನನ ನಾಡಿಗೇ ಮರಳಿತು. ಚಾರ್ತ್‌ಚಾಯನೂ ಮುಂದೆ ಅದನ್ನು ಕಳೆದುಕೊಂಡು ೧೯೭೦ರಲ್ಲಿ ಮರಳಿ ಗಳಿಸಿದನು. ಬಿದ್ದವನು ಏಳಬಹುದೆಂಬ ಪಾಠವನ್ನು ಆ ನಾಡಿಗೆ ಮೊದಲು ಕಲಿಸಿದವನು ಪೋನನಲ್ಲದೆ ಬೇರಾರು? ೧೯೭೬ರ ಮಾಂಟ್ರಿಯಲ್ ಒಲಿಂಪಿಕ್ ಕ್ರೀಡೆಗಳಲ್ಲಿ ಥಾಯ್ ದೇಶಕ್ಕೆ ದೊರೆತ ಮೊದಲ ಪದಕವೂ, ೧೯೯೬ರ ಅಟ್ಲಾಂಟಾದಲ್ಲಿ ದೊರೆತ ಮೊದಲ ಚಿನ್ನವೂ ಮುಷ್ಟಿಯುದ್ಧದಿಂದಲೇ ಬಂದವು. ಮೊದಲನೆಯದನ್ನು ಪಯಾವೊ ಪೂನ್‌ತಾರಾತ್, ಎರಡನೆಯದನ್ನು ಸೋಮ್‌ಲುಕ್ ಕಾಮ್‌ಸಿಂಗ್ ತಂದರು. ಒಬ್ಬನು ತುಳಿದ ಕಾಲುದಾರಿ ಹೀಗೆ ಹಲವರಿಗೆ ಹೆದ್ದಾರಿಯಾಯಿತು.

ನಿವೃತ್ತಿಯ ನಂತರ ಪೋನನು ಬದುಕಿದುದು ಸುಮಾರು ಹದಿನಾರು ವರ್ಷ. ೧೯೮೨ರ ಮಾರ್ಚ್ ೩೧ರಂದು, ನಲವತ್ತೇಳನೆಯ ವಯಸ್ಸಿನಲ್ಲಿ, ಆತನು ಕಾಲವಶನಾದನು. ದೀರ್ಘಾಯುಸ್ಸು ಆತನ ಪಾಲಿಗಿರಲಿಲ್ಲ. ಆತನು ಮೊದಲ ಕಿರೀಟವನ್ನು ಗೆದ್ದ ಹಳೆಯ ಲುಂಪಿನಿ ಕ್ರೀಡಾಮಂದಿರವೂ ೨೦೧೪ರಲ್ಲಿ ಮುಚ್ಚಿತು. ಆ ಹೆಸರಿನ ಮಂದಿರ ಈಗ ನಗರದ ಬೇರೊಂದು ಭಾಗದಲ್ಲಿದೆ. ಆ ರಾತ್ರಿಯ ಸೆಣಸಾಟವನ್ನು ವೀಕ್ಷಿಸಿದ ದೊರೆ ೨೦೧೬ರಲ್ಲಿ ದಿವಂಗತರಾದರು. ಹುವಾ ಹಿನ್ನಿನಲ್ಲಿ ಮಾತ್ರ ಊರವರು ತಮ್ಮ ಮಗನ ಪ್ರತಿಮೆಯನ್ನು ನಿಲ್ಲಿಸಿ ಗೌರವಿಸಿದ್ದಾರೆ. ರಾಜರ ಬೇಸಿಗೆಯ ಅರಮನೆಯಿಂದ ಹೆಸರಾದ ಊರು, ಒಬ್ಬ ಸಾಮಾನ್ಯನ ಮುಷ್ಟಿಯಿಂದಲೂ ಹೆಸರಾಯಿತು.

ಆತನ ಬಾಳಿನಿಂದ ನಾವು ಕಲಿಯಬೇಕಾದುದೇನು? ಮಾನವೆಂದರೆ ಎಂದೂ ಬೀಳದಿರುವುದು ಎಂಬ ತಿಳಿವಳಿಕೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಆದುದರಿಂದಲೇ ಒಮ್ಮೆ ಸೋತವನು ತಲೆತಗ್ಗಿಸಿ, ಜನರ ಕಣ್ಣಿನಿಂದ ಮರೆಯಾಗಲು ಬಯಸುತ್ತಾನೆ. ಥಾಯ್ ಜನರು ಆ ಶಬ್ದಕ್ಕೆ ಕೊಟ್ಟ ಅರ್ಥ ನಮ್ಮ ಅರ್ಥವನ್ನು ತಿದ್ದುವಂತಿದೆ. ಬಿದ್ದ ಮೇಲೂ ಕೈಬಿಡದ ಪ್ರಯತ್ನವೇ ಮಾನ. ಹುಟ್ಟುಹೆಸರಾಗಿ ಅದನ್ನು ಪಡೆದವನು ಟೋಕಿಯೋದ ನೆಲದ ಮೇಲೆ ಎರಡು ಬಾರಿ ಬಿದ್ದು, ಎರಡು ಬಾರಿಯೂ ಅದೇ ಎದುರಾಳಿಯನ್ನೇ ಕರೆಸಿ, ಅವನ ಕೈಯಿಂದಲೇ ಕಿರೀಟವನ್ನು ಮರಳಿ ಪಡೆದು, ಆ ಅರ್ಥವನ್ನು ಬದುಕಿ ತೋರಿಸಿದನು. ಎಂದೂ ಸೋಲದವನಾಗಿದ್ದರೆ ಆತನು ಒಂದೇ ಬಾರಿಯ ವಿಜೇತನಾಗಿ ಉಳಿಯುತ್ತಿದ್ದನು. ಮೂರು ಬಾರಿಯ ವಿಜೇತನೆಂಬ ಕೀರ್ತಿ ಆತನಿಗೆ ಬಂದುದು ಸೋಲಿನ ದಾರಿಯಿಂದಲೇ.

ಈ ಮಾತನ್ನು ಶಾಲೆಯ ಸಂಚಿಕೆಯಲ್ಲಿ ಬರೆಯುವಾಗ ಒಂದು ಸೂಚನೆಯನ್ನು ಅಧ್ಯಾಪಕ ಬಂಧುಗಳ, ಹಿರಿಯ ವಿದ್ಯಾರ್ಥಿಗಳ ಮತ್ತು ದಾನಿಗಳ ಮುಂದಿಡಲು ಮನಸ್ಸಾಗುತ್ತದೆ. ನಮ್ಮ ನಾಡಿನ ಶಾಲೆಗಳಲ್ಲಿ ಪ್ರಥಮ ಸ್ಥಾನ ಪಡೆದವರಿಗೆ ಪದಕಗಳುಂಟು, ದತ್ತಿ ಬಹುಮಾನಗಳುಂಟು, ಅವು ಇರಬೇಕಾದವೇ. ಆದರ ಜೊತೆಗೆ, ಒಂದು ವರ್ಷ ಅನುತ್ತೀರ್ಣನಾಗಿ, ಸಹಪಾಠಿಗಳೆಲ್ಲ ಮುಂದೆ ಹೋದ ಮೇಲೆ ತನಗಿಂತ ಕಿರಿಯರ ನಡುವೆ ಅದೇ ಬೆಂಚಿನಲ್ಲಿ ಕುಳಿತು, ಮರುವರ್ಷ ಉತ್ತೀರ್ಣನಾದ ಬಾಲಕನೊಬ್ಬನಿಗೂ ಒಂದು ಬಹುಮಾನವಿರಲಿ. ಅವನ ಹೆಸರನ್ನೂ ಸಭೆಯಲ್ಲಿ ಗಟ್ಟಿಯಾಗಿ ಕರೆಯಲಿ. ಎಬಿಹಾರಾನ ಎದುರು ಮತ್ತೆ ನಿಂತ ಪೋನನ ಎದೆಗಾರಿಕೆಗೂ, ಬಿಟ್ಟ ಪರೀಕ್ಷೆಗೆ ಮತ್ತೆ ಕೂರುವ ಆ ಹುಡುಗನ ಎದೆಗಾರಿಕೆಗೂ ಅಳತೆಯಲ್ಲಿ ವ್ಯತ್ಯಾಸವಿರಬಹುದು, ಜಾತಿಯಲ್ಲಿ ವ್ಯತ್ಯಾಸವಿಲ್ಲ. ಅಂತಹ ಒಂದು ದತ್ತಿಯನ್ನು ಯಾರಾದರೂ ಸ್ಥಾಪಿಸಿದರೆ ಅದಕ್ಕೆ ಮಾನ ಬಹುಮಾನವೆಂದು ಹೆಸರಿಡಬಹುದು. ಆ ಹೆಸರು ಎರಡು ನಾಡುಗಳ ಎರಡು ಅರ್ಥಗಳನ್ನೂ ಒಳಗೊಳ್ಳುತ್ತದೆ.